ಸೋಮವಾರಕ್ಕೂ ಸಲ್ಲುವ ಕಾರು

ನನ್ನ ಬಳಿ ಒಂದು ವೇಗದ ಕಾರಿದೆ. ಅದರಲ್ಲಿ ನಾನು ತೆಂಗಿನಕಾಯಿ ಸಾಗಿಸುತ್ತೇನೆ. ಈ ಎರಡು ಮಾತುಗಳನ್ನು ಬಿಡಿಬಿಡಿಯಾಗಿ ಹೇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಒಂದರ ಬೆನ್ನಿಗೆ ಇನ್ನೊಂದನ್ನು ಹೇಳಿದಾಗ ಮಾತ್ರ, ದೇವರ ಕೋಣೆಯಲ್ಲಿ ಯಾರೋ ಒದ್ದೆ ಬನಿಯನ್ ಒಣಹಾಕಿದ್ದನ್ನು ಕಂಡವರ ಹಾಗೆ ಕೇಳುವವರ ಮುಖ ಬಾಡುತ್ತದೆ. ಆ ಬಾಡಿದ ಮುಖಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಅವರ ಮೇಲೆ ಮರುಕವಿದೆ. ಪಶ್ಚಾತ್ತಾಪ ಮಾತ್ರ ಇಲ್ಲ, ಈ ಬರಹ ಮುಗಿಯುವ ಹೊತ್ತಿಗೆ ಬರುವ ಲಕ್ಷಣವೂ ಇಲ್ಲ.

ಕಾರು ಜರ್ಮನಿಯದು. ಕಡುನೀಲಿ ಬಣ್ಣ, ಎರಡೇ ಬಾಗಿಲು, ಆರು ಸಿಲಿಂಡರು, ಕೈಯಿಂದ ಹಾಕುವ ಗೇರು. ನೆಲಕ್ಕೆ ಎಷ್ಟು ಹತ್ತಿರ ಕೂತಿದೆಯೆಂದರೆ ಅದರೊಳಗೆ ಹತ್ತುವ ಪ್ರಶ್ನೆಯೇ ಇಲ್ಲ, ಬಾವಿಗೆ ಇಳಿದ ಹಾಗೆ ಇಳಿಯಬೇಕು; ಹೊರಗೆ ಬರುವಾಗ ಯಾರಾದರೂ ಕೈ ಕೊಟ್ಟರೆ ಬೇಡ ಅನ್ನಬಾರದು. ತಯಾರಿಸಿದವರು ಹಿಂದಿನ ಸೀಟು ಎಂದು ಕರೆದಿರುವ ಜಾಗದಲ್ಲಿ ಕಾಲಿರುವ ಯಾವ ಮನುಷ್ಯನೂ ಕೂರಲಾರ. ಆದರೆ ಒಂದು ಚೀಲ ತೆಂಗಿನಕಾಯಿ, ಒಂದು ಕಟ್ಟು ಬಾಳೆಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವು, ಇಷ್ಟೂ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತವೆ. ಜರ್ಮನರು ಮುಂದಾಲೋಚನೆಯ ಜನ.

ನಾನು ಹೋಟೆಲಿನವನು. ಉಡುಪಿ ಕಡೆಯಿಂದ ಬಂದು, ದೆಹಲಿಯ ಲೋಧಿ ಕಾಲೋನಿಯ ಸರಕಾರಿ ಕ್ವಾರ್ಟರ್ಸುಗಳ ನಡುವಿನ ಮಾರ್ಕೆಟ್ಟಿನಲ್ಲಿ ಇಡ್ಲಿ, ವಡೆ, ದೋಸೆ ಮಾರುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು. ಪಾಲುದಾರ ನನ್ನ ಹೆಂಡತಿಯ ತಮ್ಮ. ಗಲ್ಲಾ ಅವನದು, ಅಡುಗೆಮನೆ ನನ್ನದು, ನಮ್ಮಿಬ್ಬರ ಮೇಲಿನ ಅಧಿಕಾರ ನನ್ನ ಹೆಂಡತಿಯದು. ಮನೆ ಯಮುನೆಯ ಆಚೆ, ಘಾಜಿಯಾಬಾದಿನಲ್ಲಿ. ಲೋಧಿ ಕಾಲೋನಿಯಲ್ಲಿ ದೋಸೆ ಮಾರಬಹುದು, ಆದರೆ ದೋಸೆ ಮಾರಿದ ದುಡ್ಡಿನಲ್ಲಿ ಅಲ್ಲಿ ಮನೆ ಮಾಡಲು ಬರುವುದಿಲ್ಲ. ಭಾವಮೈದುನನೂ ನಮ್ಮ ಹೌಸಿಂಗ್ ಸೊಸೈಟಿಯಲ್ಲೇ, ಎರಡು ಮಹಡಿ ಮೇಲೆ. ಅವನ ಹತ್ತಿರ ಒಂದು ಬಿಳಿ ವ್ಯಾನಿದೆ. ಅದರ ವಿಷಯ ಮುಂದೆ ಬರುತ್ತದೆ, ಬೇಡವೆಂದರೂ ಬರುತ್ತದೆ.

ಕಾರು ನನ್ನ ಕೈಗೆ ಬಂದದ್ದು ಒಬ್ಬ ಗಿರಾಕಿಯಿಂದ. ಅವರು ಗುರುಗ್ರಾಮದಿಂದ ಭಾನುವಾರ ಭಾನುವಾರ ಮಸಾಲೆದೋಸೆಗೆ ಬರುತ್ತಿದ್ದರು, ಬರುವಾಗ ಟ್ಯಾಕ್ಸಿಯಲ್ಲಿ ಬರುತ್ತಿದ್ದರು. ಕಾರು ಮನೆಯಲ್ಲಿ ಹೊದಿಕೆಯ ಕೆಳಗೆ ಮಲಗಿರುತ್ತಿತ್ತು. ವಿದೇಶಕ್ಕೆ ವರ್ಗವಾದಾಗ, ಮದುವೆಯಾಗದ ತಂಗಿಯನ್ನು ಒಪ್ಪಿಸುವ ಅಣ್ಣನ ಗಂಭೀರತೆಯಲ್ಲಿ ನನಗೆ ಒಪ್ಪಿಸಿದರು. ಜೊತೆಗೆ ಒಂದು ಮೆತ್ತನೆಯ ಬಟ್ಟೆ ಮತ್ತು ಒಂದು ಉಪದೇಶ ಕೊಟ್ಟರು: ದಿನಾ ಹೊರಗೆ ತೆಗೆಯಬೇಡಿ. ಬಟ್ಟೆಯನ್ನು ಇಟ್ಟುಕೊಂಡೆ. ಇವತ್ತಿಗೂ ನಮ್ಮ ಹೋಟೆಲಿನ ಸಿಹಿತಿಂಡಿಯ ಗಾಜಿನ ಕಪಾಟು ಹೊಳೆಯುವುದು ಅದರಿಂದಲೇ.

ಉಪದೇಶವನ್ನು ಯಾಕೆ ಇಟ್ಟುಕೊಳ್ಳಲಿಲ್ಲ ಎಂದರೆ, ನಾನು ದೋಸೆಕಾವಲಿ ನೋಡಿ ಬೆಳೆದವನು. ದಿನಾ ಕಾಯುವ ಕಾವಲಿಯಿಂದ ದೋಸೆ ತಾನಾಗಿ ಏಳುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದು ಹಚ್ಚಿ ನೋಡಿ. ಮೊದಲ ನಾಲ್ಕು ದೋಸೆ ಕಾವಲಿಯದು, ನಿಮ್ಮದಲ್ಲ. ಕಬ್ಬಿಣಕ್ಕೆ ರಜೆ ಆಗಿಬರುವುದಿಲ್ಲ. ಎಂಜಿನ್ನು ಕಾವಲಿಯಲ್ಲ ಎಂದು ಬಲ್ಲವರು ಹೇಳಿಯಾರು. ಬಲ್ಲವರು ದೋಸೆ ತಿನ್ನುತ್ತಾರೆ, ಹೊಯ್ಯುವುದಿಲ್ಲ.

ಹೀಗಾಗಿ ಬೆಳಿಗ್ಗೆ ಐದೂವರೆಗೆ ನಾವಿಬ್ಬರೂ ಈ ಕಾರಿನಲ್ಲೇ ಹೊರಡುವುದು ರೂಢಿಯಾಯಿತು. ಹೆಂಡತಿ ಪಕ್ಕದ ಸೀಟಿನಲ್ಲಿ, ಸೊಂಟಕ್ಕೊಂದು ದಿಂಬು ಕೊಟ್ಟುಕೊಂಡು. ಅವಳ ಎರಡು ಪಾದಗಳ ನಡುವೆ ಸ್ಟೀಲಿನ ಪಾತ್ರೆಯಲ್ಲಿ ಮೊಸರು. ನಮ್ಮ ಹೋಟೆಲಿನ ಮೊಸರುವಡೆಗೆ ಅವಳು ಮನೆಯಲ್ಲಿ ಹೆಪ್ಪು ಹಾಕಿದ ಮೊಸರೇ ಆಗಬೇಕು, ಬೇರೆಯವರ ಕೈಯ ಹೆಪ್ಪನ್ನು ಅವಳು ನಂಬುವುದಿಲ್ಲ. ಕೆನೆಗಟ್ಟಿ, ಚಾಕುವಿನಿಂದ ಕೊಯ್ಯಬಹುದಾದಷ್ಟು ಗಟ್ಟಿಯಾಗಿ ನಿಂತ ಮೊಸರನ್ನು ಒಡೆಯದ ಹಾಗೆ ಘಾಜಿಯಾಬಾದಿನಿಂದ ಲೋಧಿ ಕಾಲೋನಿಗೆ ತಲುಪಿಸುವುದು ನನ್ನ ದಿನದ ಮೊದಲ ಪರೀಕ್ಷೆ. ಬ್ರೇಕನ್ನು ಕಾಲಿನಿಂದ ಒತ್ತಿದರೆ ಸಾಲದು, ಮುನ್ನೂರು ಗಜ ಮುಂಚೆಯೇ ಮನಸ್ಸಿನಲ್ಲಿ ಒತ್ತಬೇಕು. ಗೇರು ಬದಲಾದದ್ದು ಕಿವಿಗೆ ತಿಳಿಯಬಹುದು, ಮೊಸರಿಗೆ ತಿಳಿಯಬಾರದು. ವೇಗದ ಕಾರನ್ನು ಓಡಿಸುವುದು ಹೇಗೆ ಎಂದು ಯುವಕರು ಕೇಳಿದಾಗ ನಾನು ಇಷ್ಟೇ ಹೇಳುತ್ತೇನೆ. ಅವರು ಮತ್ತೆ ಕೇಳುವುದಿಲ್ಲ.

ಆ ಹೊತ್ತಿನಲ್ಲಿ ಯಮುನೆಯ ಸೇತುವೆ ಖಾಲಿ ಇರುತ್ತದೆ. ಕ್ಯಾಮೆರಾಗಳಿರುವುದರಿಂದ ನಾನು ಮಿತಿ ಮೀರುವುದಿಲ್ಲ. ಹೆಂಡತಿ ಇರುವುದರಿಂದಲೂ ಮೀರುವುದಿಲ್ಲ. ಆದರೆ ಮಿತಿಯನ್ನು ತಲುಪುವುದರಲ್ಲೂ ಬಗೆಗಳಿವೆ. ಮೂರನೇ ಗೇರಿನಲ್ಲಿ ಸೇತುವೆಯ ಏರು ಹತ್ತುವಾಗ ಆ ಆರು ಸಿಲಿಂಡರು, ಮೇಳದ ಭಾಗವತರು ಗಂಟಲು ಸರಿಮಾಡಿಕೊಂಡು ಪದ ಎತ್ತುವ ಹಾಗೆ, ಕೆಳಗಿನಿಂದ ದನಿ ಎತ್ತುತ್ತವೆ. ಅರ್ಧ ನಿಮಿಷವೂ ಇರುವುದಿಲ್ಲ. ಆಮೇಲೆ ಸಿಗ್ನಲ್ಲು, ಕಸದ ಲಾರಿ, ಹೋಟೆಲು, ಚಟ್ನಿ. ಆ ಅರ್ಧ ನಿಮಿಷಕ್ಕಾಗಿ ನಾನು ಇಪ್ಪತ್ತಮೂರೂವರೆ ಗಂಟೆ ಒಳ್ಳೆಯವನಾಗಿರುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು ಎಂದು ಕೇಳಿದಳು.

ಕೆಟ್ಟದ್ದು ಶುರುವಾದದ್ದು ಒಂದು ಇ-ರಿಕ್ಷಾದಿಂದ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತು. ನಮ್ಮ ಸೊಸೈಟಿಯ ಗೇಟಿನಿಂದ ಮುಖ್ಯರಸ್ತೆಗೆ ತಿರುಗುವಲ್ಲಿ, ಅದು ಎದುರು ದಿಕ್ಕಿನಿಂದ ಬಂದು ನನ್ನ ಬಾಗಿಲಿಗೆ ಉದ್ದಕ್ಕೆ ಗೀರು ಎಳೆದು, ಚಲೋ ಭಯ್ಯಾ ಎಂದು ಸಮಾಧಾನ ಹೇಳಿ ಹೋಯಿತು. ನಾನು ಕಾರು ನಿಲ್ಲಿಸಿ ಇಳಿದೆ. ರಸ್ತೆಯ ನಡುವೆ ನಿಂತು, ಬೆರಳಿನಿಂದ ಆ ಗೀರನ್ನು ಮೇಲಿನಿಂದ ಕೆಳಗೆ ಸವರುತ್ತಿದ್ದಾಗ ಹಿಂದಿನಿಂದ ಇಟ್ಟಿಗೆಯ ಲಾರಿ ಬಂದು ನನ್ನ ಅಂಗಿಯ ತೋಳನ್ನು ಮುಟ್ಟಿಕೊಂಡು ಹೋಯಿತು. ನನಗೇನೂ ಆಗಲಿಲ್ಲ. ಒಳಗೆ ಕೂತಿದ್ದ ಹೆಂಡತಿಯ ಕಾಲು ಜಾರಿ ಮೊಸರು ಚೆಲ್ಲಿತು. ಹೋಟೆಲು ತಲುಪುವವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಮಾತಾಡದಿದ್ದರೆ ಅವಳು ತೀರ್ಮಾನ ಮಾಡುತ್ತಿದ್ದಾಳೆ ಎಂದರ್ಥ.

ಅದೇ ವಾರ ಮಂಗಳವಾರ ಮಧ್ಯಾಹ್ನ ಕುಟುಂಬದ ಸಭೆ ಸೇರಿತು. ನಮ್ಮ ಎಲ್ಲ ಸಭೆಗಳೂ ಮೂರು ಗಂಟೆಯ ಮೇಲೆಯೇ. ಊಟದವರು ಹೋಗಿ, ಸಂಜೆಯ ತಿಂಡಿಯವರು ಬರುವ ಮೊದಲು, ಹೋಟೆಲಿನವರು ಮನುಷ್ಯರಾಗಿರುವುದು ಆ ಒಂದು ಗಂಟೆ ಮಾತ್ರ. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಮ್ಮ ಮಗಳು ಅವತ್ತು ಮನೆಯಿಂದಲೇ ಕೆಲಸ ಎಂದು ಆಫೀಸಿಗೆ ತಿಳಿಸಿ, ಮೆಟ್ರೋ ಹಿಡಿದು ಬಂದಿದ್ದಳು. ಅಂದರೆ ವಿಷಯ ಮೊದಲೇ ಫೋನಿನಲ್ಲಿ ಇತ್ಯರ್ಥವಾಗಿದೆ, ನನ್ನನ್ನು ಕರೆದಿರುವುದು ತೀರ್ಪು ಕೇಳಲಿಕ್ಕೆ.

ಮಗಳ ವಾದ ಸ್ಪಷ್ಟವಾಗಿತ್ತು. ನಮ್ಮ ಪ್ರಾಂತ್ಯದಲ್ಲಿ ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ಆಯಸ್ಸು, ಅದು ಎಲ್ಲರಿಗೂ ಗೊತ್ತು. ನಿಯಮ ಒಂದು ತಿಂಗಳು ಬಿಗಿಯಾಗುತ್ತದೆ, ಇನ್ನೊಂದು ತಿಂಗಳು ಸಡಿಲವಾಗುತ್ತದೆ, ಆದರೆ ಕತ್ತಿಯಂತೂ ತೂಗುತ್ತಿರುತ್ತದೆ. ನನ್ನ ಕಾರಿಗೆ ಉಳಿದಿದ್ದು ಎರಡು ವರ್ಷ ಚಿಲ್ಲರೆ. ಈ ಎರಡು ವರ್ಷ ಅದನ್ನು ಜೋಪಾನವಾಗಿ ಇಟ್ಟರೆ, ಓಡಿದ್ದು ಕಡಿಮೆ ಎಂದು ತೋರಿಸಿ ಬೇರೆ ರಾಜ್ಯದ ಯಾರಿಗಾದರೂ ಗೌರವದಿಂದ ದಾಟಿಸಬಹುದು. ಹೀಗೆ ತೆಂಗಿನಕಾಯಿ ಹೇರಿ ಗೀರು ಬೀಳಿಸಿಕೊಂಡರೆ ಗುಜರಿಯವನೂ ಮೂಗು ಮುರಿಯುತ್ತಾನೆ.

“ಅಪ್ಪ, ಇಟ್ಸ್ ಅ ವೀಕೆಂಡ್ ಕಾರ್, ಯಾರ್,” ಎಂದಳು. “ಇದನ್ನ ರೋಜ್ ರೋಜ್ ಯಾರು ಓಡಿಸ್ತಾರೆ?”

ನಾನು ಓಡಿಸುತ್ತೇನೆ ಎಂಬುದು ಉತ್ತರವಾಗಿತ್ತು. ಆದರೆ ಸಭೆಯಲ್ಲಿ ಅದನ್ನು ಉತ್ತರವೆಂದು ಯಾರೂ ದಾಖಲಿಸಿಕೊಳ್ಳಲಿಲ್ಲ. ನಾನು ಇನ್ನೊಂದು ಹೇಳಿದೆ. ನಾನು ಓಡಿಸದೆ ಉಳಿಸಿದ ಪ್ರತಿಯೊಂದು ಕಿಲೋಮೀಟರನ್ನೂ ನನಗೆ ಗೊತ್ತಿಲ್ಲದ ಒಬ್ಬ ಮನುಷ್ಯ ಓಡಿಸುತ್ತಾನೆ. ಅವನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅವನಿಗಾಗಿ ಉಪವಾಸ ಮಾಡುವಷ್ಟು ಸ್ನೇಹವೂ ಇಲ್ಲ. ಭಾವಮೈದುನ ತಲೆದೂಗಿದ. ಒಪ್ಪಿದನೆಂದುಕೊಂಡೆ. ಅವನು ತಲೆದೂಗಿದ್ದು ತನ್ನ ಮಾತಿಗೆ ಜಾಗ ಮಾಡಿಕೊಳ್ಳಲಿಕ್ಕೆ.

“ಭಾವ, ಆದಿತ್ಯವಾರ ಒಂದು ದಿನ ರಾಜರ ಹಾಗೆ ತೆಗೆದುಕೊಂಡು ಹೋಗಿ. ಉಳಿದ ಆರು ದಿನಕ್ಕೆ ನನ್ನ ವ್ಯಾನು ಉಂಟಲ್ಲ.”

ಕೊನೆಗೆ ಎಲ್ಲರೂ ಹೆಂಡತಿಯ ಮುಖ ನೋಡಿದೆವು. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಗೀರು ಬಿದ್ದದ್ದಕ್ಕೆ ತನಗೇನೂ ಇಲ್ಲ, ನಾನು ರಸ್ತೆ ನಡುವೆ ನಿಂತು ಅದನ್ನು ಸವರಿದ್ದಕ್ಕೆ ತನ್ನ ಓಟು ಭಾನುವಾರಕ್ಕೆ ಎಂದಳು. ಮೂರಕ್ಕೆ ಒಂದು. ನಾನು ಪ್ರಜಾಪ್ರಭುತ್ವವನ್ನು ಗೌರವಿಸುವವನು. ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ. ಅದನ್ನು ತೆಗೆದುಕೊಂಡು ಅವಳು ಸೆರಗಿನ ತುದಿಗೆ ಗಂಟು ಹಾಕಿದಳು.

ಆ ಮಧ್ಯಾಹ್ನ ನಾವು ನಾಲ್ವರೂ ಸೇರಿ ಒಂದು ತಪ್ಪು ಮಾಡಿದ್ದೆವು, ಅದು ಗೊತ್ತಾದದ್ದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ. ಬಾಗಿಲಿನ ಹೊರಗೆ ಜನ ಚೀಟಿ ಹಿಡಿದು ನಿಂತಿದ್ದರು. ಒಳಗೆ ಮೂರು ಕಾವಲಿಯೂ ಉರಿಯುತ್ತಿದ್ದವು. ನಾನು ವಡೆಯ ಬಾಣಲೆಯ ಮುಂದೆ, ಭಾವಮೈದುನ ಗಲ್ಲಾದಲ್ಲಿ, ಹೆಂಡತಿ ಮೊಸರುವಡೆಯ ತಟ್ಟೆಗಳ ನಡುವೆ. ಪಾರ್ಸೆಲ್ ಕಟ್ಟಲು ಆಳು ಸಾಲದೆ, ನೋಡಿಹೋಗಲು ಬಂದ ಮಗಳಿಗೂ ರಬ್ಬರ್‌ಬ್ಯಾಂಡ್ ಕೊಟ್ಟು ನಿಲ್ಲಿಸಿದ್ದೆವು. ಒಂದು ವಡೆಯನ್ನು ಎಣ್ಣೆಗೆ ಬಿಡುವಾಗ ನನಗೆ ಹೊಳೆಯಿತು. ಇವತ್ತು ಭಾನುವಾರ. ರಾಜರ ಹಾಗೆ ಕಾರು ತೆಗೆದುಕೊಂಡು ಹೋಗುವ ದಿನ.

ಹೋಟೆಲಿನವನಿಗೆ ಭಾನುವಾರ ಎಂಬುದು ಇಲ್ಲ. ಇರುವುದು ಗಿರಾಕಿಯ ಭಾನುವಾರ. ಅದನ್ನು ನಾವು ಬೇಯಿಸಿ ಬಡಿಸುತ್ತೇವೆ, ತಿನ್ನುವವರು ಅವರು. ಇಡೀ ಜೀವನ ಇನ್ನೊಬ್ಬರ ಭಾನುವಾರವನ್ನು ಇಷ್ಟು ಹತ್ತಿರದಿಂದ ನೋಡಿ ನೋಡಿ, ಅದು ನಮ್ಮದೂ ಹೌದು ಎಂಬ ಭ್ರಮೆ ನಮ್ಮ ನಾಲ್ವರಿಗೂ ಹತ್ತಿಬಿಟ್ಟಿತ್ತು. ಆರು ದಿನ ಮುಟ್ಟಬಾರದು ಎಂಬ ತೀರ್ಪು ಅಲ್ಲಿಗೆ ಏಳು ದಿನ ಮುಟ್ಟಬಾರದು ಎಂದಾಯಿತು. ನಾನು ಇದನ್ನು ಭಾವಮೈದುನನ ಗಮನಕ್ಕೆ ತಂದೆ. ಅವನು ಚಿಲ್ಲರೆ ಕೊಡುತ್ತಲೇ, ಮುಂದಿನ ಆದಿತ್ಯವಾರ ನೋಡುವ ಭಾವ, ಎಂದ. ಮುಂದಿನ ಆದಿತ್ಯವಾರ ಅವನು ತಲೆಯೆತ್ತಲೂ ಇಲ್ಲ.

ದೀಪಾವಳಿ ಬಂತು. ಆಮೇಲೆ ಹೊಗೆ ಬಂತು. ದೆಹಲಿಯಲ್ಲಿ ಚಳಿಗೆ ಮುಂಚೆ ಬರುವ ಆ ಕಂದು ಹೊಗೆ ಕಾರಿನ ಹೊದಿಕೆಯ ಮೇಲೆ ಇಳಿದು ಅದಕ್ಕೆ ಇನ್ನೊಂದು ಹೊದಿಕೆಯಾಯಿತು. ಸೊಸೈಟಿಯ ಬೆಕ್ಕೊಂದು ಅದರ ಮೇಲೆ ಸಂಸಾರ ಹೂಡಿತು. ಹೋಗುತ್ತ ಬರುತ್ತ ನಾನು ಅದನ್ನು ನೋಡುವುದನ್ನು ಬಿಟ್ಟೆ. ಆಸ್ಪತ್ರೆಯಲ್ಲಿರುವ ಪರಿಚಯದವರನ್ನು ನೋಡಲು ಹೋಗದೆ ಇರುವಂಥ ಹೇಡಿತನ ಅದು. ನನಗೆ ಅರವತ್ತು ದಾಟಿದೆ. ಎಡ ಮೊಣಕಾಲು ಕ್ಲಚ್ಚನ್ನು ಇನ್ನೂ ಒಪ್ಪುತ್ತದೆ, ಎಷ್ಟು ಕಾಲ ಒಪ್ಪುತ್ತದೆಂದು ಹೇಳಿಲ್ಲ. ಕಾರಿಗೆ ಎರಡು ವರ್ಷ, ಅದರಲ್ಲೂ ಒಂದು ತುಂಡು ಆಗಲೇ ಬೆಕ್ಕಿನ ಪಾಲಾಗಿತ್ತು. ಉಳಿತಾಯ ಎಂದು ಅವರು ಕರೆಯುತ್ತಿದ್ದುದು ನನಗೆ ದಿನದಿನವೂ ಸೋರಿಕೆಯಾಗಿ ಕಾಣುತ್ತಿತ್ತು.

ಇತ್ತ ನಾವು ಮೂವರೂ ವ್ಯಾನಿನಲ್ಲಿ ಹೋಗುತ್ತಿದ್ದೆವು. ಭಾವಮೈದುನ ಒಳ್ಳೆಯವನು, ಕುಡಿಯುವುದಿಲ್ಲ, ಲೆಕ್ಕದಲ್ಲಿ ಮೋಸವಿಲ್ಲ. ಆದರೆ ಅವನು ಬ್ರೇಕ್ ಹಾಕುವುದು ಸೊಳ್ಳೆ ಹೊಡೆಯುವ ಹಾಗೆ. ವ್ಯಾನಿನ ಸ್ಪ್ರಿಂಗುಗಳು ಎಂದೋ ಸಂನ್ಯಾಸ ತೆಗೆದುಕೊಂಡಿದ್ದವು. ಲೋಧಿ ಕಾಲೋನಿ ತಲುಪುವಾಗ ಪಾತ್ರೆಯಲ್ಲಿ ಮೊಸರು ಇರುತ್ತಿರಲಿಲ್ಲ. ಮಜ್ಜಿಗೆ ಇರುತ್ತಿತ್ತು, ಅದರಲ್ಲಿ ಮೊಸರಿನ ನೆನಪುಗಳು ತೇಲುತ್ತಿದ್ದವು. ಹೆಂಡತಿ ಬಟ್ಟೆಯಲ್ಲಿ ಸೋಸಿದಳು, ಹೆಪ್ಪಿನ ಹದ ಬದಲಿಸಿದಳು, ಪಾತ್ರೆಯನ್ನು ಮಡಿಲಲ್ಲಿಟ್ಟು ಅಪ್ಪಿಕೊಂಡು ಕೂತಳು. ಏನೂ ಗುಣವಾಗಲಿಲ್ಲ. ಕ್ವಾರ್ಟರ್ಸಿನ ಒಬ್ಬ ಹಳೆಯ ಗಿರಾಕಿ, ನಿವೃತ್ತ ಅಧಿಕಾರಿ, ಮೊಸರುವಡೆಯ ಬಟ್ಟಲನ್ನು ಓರೆಮಾಡಿ ನೋಡಿ, ಇದನ್ನು ಚಮಚದಿಂದ ತಿನ್ನಬೇಕೋ ಕುಡಿಯಬೇಕೋ ಎಂದು ತುಂಬ ವಿನಯದಿಂದ ವಿಚಾರಿಸಿದರು. ಆ ವಿನಯ ಅವಳಿಗೆ ನಾಟಿತು. ಆದರೂ ಸೆರಗಿನ ಗಂಟು ಬಿಚ್ಚಲಿಲ್ಲ. ಕೊಟ್ಟ ಓಟನ್ನು ಸುಮ್ಮನೆ ವಾಪಸು ತೆಗೆದುಕೊಳ್ಳುವ ಮನೆತನವಲ್ಲ ಅವಳದು.

ಜನವರಿಯಲ್ಲಿ ಮಗಳು ಫೋನ್ ಮಾಡಿ, ಕಾರು ಕೊಳ್ಳಲು ತನ್ನ ಆಫೀಸಿನ ಹಿರಿಯರೊಬ್ಬರು ಆಸೆಪಟ್ಟಿದ್ದಾರೆ ಎಂದಳು. ಬೇರೆ ರಾಜ್ಯದಲ್ಲಿ ಅವರಿಗೆ ಇನ್ನೊಂದು ಮನೆಯಿದೆ, ಸಮಯ ಬಂದಾಗ ಅಲ್ಲಿಗೆ ಒಯ್ಯುತ್ತಾರೆ, ಅಲ್ಲಿಯವರೆಗೆ ಚಿನ್ನದ ಹಾಗೆ ಇಟ್ಟುಕೊಳ್ಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಓಡಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಅವರು ಮಂಗಳವಾರ ಮಧ್ಯಾಹ್ನ ಹೋಟೆಲಿಗೇ ಬಂದು ನೋಡುವುದೆಂದಾಯಿತು. ತೋರಿಸಬೇಕಾದರೆ ಕಾರನ್ನು ಹೋಟೆಲಿಗೆ ತರಬೇಕಲ್ಲ. ಹೀಗೆ ಮಾರುವ ನೆಪದಲ್ಲಿ ಕೀಲಿ ನನ್ನ ಕೈಗೆ ಬಂತು.

ಮಂಗಳವಾರ ಬೆಳಿಗ್ಗೆ ಹೊದಿಕೆ ತೆಗೆದು ಕೀಲಿ ತಿರುಗಿಸಿದರೆ ಕಾರು ಒಂದು ಸಲ ಟಿಕ್ ಎಂದು ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು. ಭಾವಮೈದುನ ವ್ಯಾನನ್ನು ಮೂತಿಗೆ ಮೂತಿ ತಂದು ನಿಲ್ಲಿಸಿ, ತಂತಿ ಹಾಕಿ ಅದಕ್ಕೆ ಜೀವ ಕೊಟ್ಟ; ಆಮೇಲೆ ಇದನ್ನು ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ, ಅದು ಅವನ ಹಕ್ಕು. ನಾನು ಹೊರಡುವಾಗ ಪಕ್ಕದ ಬಾಗಿಲು ತೆರೆಯಿತು. ಹೆಂಡತಿ ದಿಂಬು ಹಾಕಿ, ಮೊಸರಿನ ಪಾತ್ರೆಯನ್ನು ಪಾದಗಳ ನಡುವೆ ಇಟ್ಟುಕೊಂಡು ಕೂತಳು. ನಿಂತು ನಿಂತು ಚಪ್ಪಟೆಯಾಗಿದ್ದ ಟಯರುಗಳು ಮೊದಲ ಎರಡು ಕಿಲೋಮೀಟರು ಕುಂಟುತ್ತ ಗೊಣಗಿದವು, ಆಮೇಲೆ ದುಂಡಗಾದವು. ಮಂಜಿನಲ್ಲಿ ಸೇತುವೆಯ ಆ ತುದಿ ಕಾಣುತ್ತಿರಲಿಲ್ಲ, ಆದ್ದರಿಂದ ಮೂರನೇ ಗೇರಿನ ಸಂಗೀತವೂ ಇರಲಿಲ್ಲ. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಿದೆವು. ಸತ್ಯ ಹೇಳುತ್ತೇನೆ, ಅಷ್ಟು ಸುಖವಾದ ತೆವಳಾಟವನ್ನು ನಾನು ಕಂಡಿಲ್ಲ. ಹೋಟೆಲಿನಲ್ಲಿ ಅವಳು ಪಾತ್ರೆಯ ಮುಚ್ಚಳ ತೆಗೆದಳು. ಮೊಸರು ಒಂದು ಬಿರುಕೂ ಇಲ್ಲದೆ, ನುಣ್ಣಗೆ ನಿಂತಿತ್ತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ ಮುಚ್ಚಳ ಹಾಕಿದಳು.

ಮೂರೂವರೆಗೆ ಆ ಸಜ್ಜನರು ಬಂದರು. ನಿಜಕ್ಕೂ ಸಜ್ಜನರು, ಅದರಲ್ಲಿ ವ್ಯಂಗ್ಯವಿಲ್ಲ. ಕಾರಿನ ಸುತ್ತ ಪ್ರದಕ್ಷಿಣೆ ಬಂದರು. ಗೀರನ್ನು ಕಂಡು ಕಣ್ಣು ಮುಚ್ಚಿಕೊಂಡರು. ಮೂರು ತಿಂಗಳಿಂದ ಓಡಿಸಿಲ್ಲ ಎಂದು ಮಗಳು ಹೇಳಿದಾಗ, ಅಚ್ಛಾ, ಬಹಳ ಒಳ್ಳೆಯದು ಎಂದು, ವ್ರತ ಹಿಡಿದ ವಿಧವೆಯನ್ನು ಹೊಗಳುವ ಹಾಗೆ ಹೊಗಳಿದರು. ಇಂಥ ಎರಡು ಕಾರುಗಳು ಅವರಲ್ಲಿ ಈಗಾಗಲೇ ಇದ್ದವು. ಎರಡೂ ಭಾನುವಾರದವು. ಅವರ ಹತ್ತಿರ ನಿಜವಾದ ಭಾನುವಾರವೇ ಇರುವುದರಿಂದ ನನಗೆ ಕುತೂಹಲವಾಯಿತು. ಹೋದ ಭಾನುವಾರ ಯಾವ ಕಡೆ ಹೋಗಿದ್ದಿರಿ ಎಂದು ಹಿಂದಿಯಲ್ಲಿ ಕೇಳಿದೆ. ಹೋದ ಭಾನುವಾರ ಮಂಜು ಇತ್ತಂತೆ. ಅದರ ಹಿಂದಿನ ಭಾನುವಾರ? ಮನೆಗೆ ನೆಂಟರು. ಅದರ ಹಿಂದೆ ಹೊಗೆ, ಅದರ ಹಿಂದೆ ಬೆನ್ನುನೋವು. ಮಳೆಯಲ್ಲಿ ತೆಗೆಯುವುದಿಲ್ಲ, ಧೂಳಿನಲ್ಲಿ ತೆಗೆಯುವುದಿಲ್ಲ. ಧೂಳಿಲ್ಲದ ಭಾನುವಾರ ದೆಹಲಿಯಲ್ಲಿ ಯಾವ ತಿಂಗಳು ಬರುತ್ತದೆಂದು ನಾನು ಕೇಳಿದೆ. ಅವರು ಪ್ರಾಮಾಣಿಕವಾಗಿ ಯೋಚಿಸಿದರು. ಯೋಚಿಸುತ್ತಲೇ ಇದ್ದರು.

ಅಷ್ಟು ಸಾಕಾಯಿತು. ಭಾನುವಾರ ಇಲ್ಲದ ನಾನೂ ಓಡಿಸಲಿಲ್ಲ, ಭಾನುವಾರ ಇರುವ ಅವರೂ ಓಡಿಸಲಿಲ್ಲ. ಕೊರತೆ ಇದ್ದದ್ದು ದಿನದ್ದಲ್ಲ. ತೆಗೆದಿಟ್ಟ ವಸ್ತುವನ್ನು ಹೊರತೆಗೆಯಲು ಅದಕ್ಕೆ ತಕ್ಕ ದಿನವೊಂದು ಬೇಕಾಗುತ್ತದೆ, ಅಷ್ಟು ಯೋಗ್ಯವಾದ ದಿನ ಯಾರ ಪಂಚಾಂಗದಲ್ಲೂ ಬರೆದಿರುವುದಿಲ್ಲ. ಕಾರು ಮಾರಾಟಕ್ಕಿಲ್ಲ ಎಂದು ಅವರಿಗೆ ಹೇಳಿದೆ. ದಾರಿ ಸವೆಸಿ ಬಂದದ್ದಕ್ಕೆ ಒಂದು ಮೊಸರುವಡೆ ತಿಂದು ಹೋಗಬೇಕೆಂದೂ ಹೇಳಿದೆ.

ಮಗಳು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಹೋದಳು. ಆಫೀಸಿನಲ್ಲಿ ತನ್ನ ಮುಖ ಏನಾಗಬೇಕು ಎಂಬುದು ಮೊದಲ ಪ್ರಶ್ನೆ. ಎಲ್ಲರೂ ಕೂತು, ಓಟು ಹಾಕಿ, ಡಿಸೈಡ್ ಮಾಡಿದ್ದಲ್ಲವೇ ಎಂಬುದು ಎರಡನೆಯದು. ಉತ್ತರ ಬಂದದ್ದು ಒಳಗಿನಿಂದ, ವಡೆಯ ಮೇಲೆ ಮೊಸರು ಹಾಕುತ್ತಿದ್ದವಳಿಂದ.

“ಆ ತೀರ್ಮಾನ ನಡೆಯುವುದಿಲ್ಲ,” ಎಂದಳು. “ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ನಾವು ಕೂತದ್ದು ಮೂರೂವರೆಗೆ.”

ಭಾವಮೈದುನನಿಗೆ ಕಾನೂನಿನ ಒಂದು ಸಂದೇಹ ಬಂತು.

“ಅಕ್ಕ, ನನ್ನದೂ ಭಾವನದೂ ಪಾಲುದಾರಿಕೆಯ ಮಾತು ಆದದ್ದೂ ಮಂಗಳವಾರ ಮೂರೂವರೆಗೇ.”

“ಅದಕ್ಕೇ ಈ ಗತಿ,” ಎಂದಳು.

ರಾಹುಕಾಲದ ವಿರುದ್ಧ ಮೇಲ್ಮನವಿ ಇಲ್ಲ. ಮಗಳಿಗೆ ಕನ್ನಡ ಆಡುವುದಕ್ಕಿಂತ ಅರ್ಥವಾಗುವುದು ಹೆಚ್ಚು. ಇದಂತೂ ಪೂರ್ತಿ ಅರ್ಥವಾಯಿತು. ಮಮ್ಮಿ, ದಟ್ಸ್ ಚೀಟಿಂಗ್, ಎಂದು ನಗತೊಡಗಿದಳು. ಆದರೆ ಹೆಂಡತಿ ನಗುತ್ತಿರಲಿಲ್ಲ. ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಒಂದು ಮಾತು, ಮಾರಾಯ್ರೇ. ಗೀರು ಬೀಳ್ತದೆ. ಇನ್ನೂ ಬೀಳ್ತದೆ. ರಸ್ತೆಯಲ್ಲಿ ಇಳಿದು ನೋಡಬಾರದು. ನೋಡಿದ ದಿನ ನಾನೇ ಮಾರ್ತೇನೆ.”

ಒಪ್ಪಿದೆ. ಒಪ್ಪುವಾಗ ನನಗೆ ಇನ್ನೊಂದೂ ತಿಳಿಯಿತು, ಅದು ಅಷ್ಟು ಹಿತವಾಗಿರಲಿಲ್ಲ. ದಿನಾ ಓಡಿಸುವವನು ಎಂದು ಎದೆಯುಬ್ಬಿಸಿಕೊಂಡಿದ್ದ ನಾನು ಆ ಬೆಳಿಗ್ಗೆ ಲಾರಿಯ ಮುಂದೆ ನಿಂತದ್ದು ಭಾನುವಾರದವರ ಹಾಗೆಯೇ. ವಸ್ತುವನ್ನು ಬಳಸುತ್ತೇನೆ ಎನ್ನುವವನು ಅದರ ಸವೆತಕ್ಕೂ ಸಹಿ ಹಾಕಿರಬೇಕು.

ಈಗ ಬಾಗಿಲಿನ ಮೇಲೆ ಮೂರು ಗೀರುಗಳಿವೆ. ಹೊಸದೆರಡನ್ನು ಯಾರು ಮಾಡಿದರೆಂದು ನೋಡಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಪಕ್ಕದ ಕಾರಿನವರು ಕಿಟಕಿ ಇಳಿಸಿ, ಹಿಂದಿನ ಸೀಟಿನ ತೆಂಗಿನಕಾಯಿಗಳನ್ನು ನೋಡಿ, ಸಾಬ್, ಇಂಥ ಗಾಡಿಯನ್ನು ಹೀಗೆ ಬಳಸುವುದೇ ಎಂದು ಕೇಳುತ್ತಾರೆ. ಹೌದು, ಹೀಗೇ ಬಳಸುವುದು. ಬುಧವಾರ, ಜಾಮಿನಲ್ಲಿ, ಮಳೆಯಲ್ಲಿ, ಮುಂದೆ ಒಂಟೆಯ ಬಂಡಿ ಹೋಗುತ್ತಿರುವಾಗ, ಹಿಂದಿನಿಂದ ಯಾರೋ ಕಾರಣವಿಲ್ಲದೆ ಹಾರನ್ ಬಾರಿಸುತ್ತಿರುವಾಗ. ಆರು ಸಿಲಿಂಡರನ್ನು ಒಂದು ಮೊಸರಿನ ಪಾತ್ರೆಯ ಸೇವೆಗೆ ಹಚ್ಚುವುದು ದುಂದು ಎಂದಾದರೆ, ಆ ದುಂದುಗಾರ ನಾನು. ಸ್ಪೀಡ್‌ಬ್ರೇಕರಿನ ಮೇಲೆ ಕಾರಿನ ಹೊಟ್ಟೆ ಕರ್ ಎಂದು ಉಜ್ಜಿದಾಗ ಈಗಲೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಜುಮ್ಮೆನ್ನಲಿ, ಅದೂ ಬಳಕೆಯೇ.

ಹದಿನೈದು ವರ್ಷದ ಕತ್ತಿ ಹಾಗೇ ತೂಗುತ್ತಿದೆ. ಮಗಳು ಆಗಾಗ ಆ ತಾರೀಖನ್ನು ನೆನಪಿಸಿ ಮೆಸೇಜು ಕಳಿಸುತ್ತಾಳೆ, ಕೆಳಗೊಂದು ಅಳುವ ಮುಖ ಹಾಕಿ. ಆ ದಿನ ನಿಜವಾಗಿಯೂ ಬಂದು, ಇಲ್ಲಿ ಇನ್ನು ಓಡಿಸುವಂತಿಲ್ಲ ಎಂದಾದರೆ, ಕಾರನ್ನು ನಾನೇ ಕರಾವಳಿಗೆ ಓಡಿಸಿಕೊಂಡು ಹೋಗುತ್ತೇನೆಂದು ಮೊನ್ನೆ ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಹೆಂಡತಿಗೆ ಹೇಳಿದೆ. ಲಾರಿಯ ಮೇಲೆ ಹೊದಿಕೆ ಹೊದಿಸಿ ಕಳಿಸುವುದಿಲ್ಲ. ಒಂದು ಸೋಮವಾರ ಹೋಟೆಲಿಗೆ ಹೊರಡುವ ಹಾಗೇ ಹೊರಟು, ಲೋಧಿ ರಸ್ತೆಯ ಕಡೆ ತಿರುಗದೆ ಮುಂದೆ ಹೋದರಾಯಿತು. ಜೈಪುರ, ಉದಯಪುರ, ಮುಂಬೈ, ಪುಣೆ, ಆಮೇಲೆ ಘಟ್ಟ ಇಳಿದರೆ ಊರೇ.

ಈ ಸೊಂಟ ಕಟ್ಟಿಕೊಂಡು ಅಷ್ಟು ದೂರ ತಾನು ಬರುವವಳಲ್ಲ, ವಿಮಾನದಲ್ಲಿ ಬಂದು ಊರಿನಲ್ಲಿ ಕಾಯುತ್ತೇನೆ ಎಂದಳು. ಆಗಲಿ ಎಂದೆ. ಹಸಿರು ದೀಪ ಬಿತ್ತು. ಸೇತುವೆ ದಾಟಿದ ಮೇಲೆ ಸೊಂಟದ ದಿಂಬನ್ನು ಸರಿಮಾಡಿಕೊಂಡಳು.

“ಆ ದಾರಿಯಲ್ಲಿ ಹೋದರೆ ಕೊಲ್ಹಾಪುರ ಸಿಗ್ತದಲ್ಲ?” ಎಂದು ಕೇಳಿದಳು. “ದೇವಿಯ ದರ್ಶನಕ್ಕೆ ನಿಲ್ಲಿಸಬಹುದಾ?”